ಹದಿನಾಲ್ಕು ಪುಟ ಇಲ್ಲದ ಪುಸ್ತಕ

ಜೆಪ್ಪುವಿನ ಆ ಜಗಲಿಯಲ್ಲಿ ಮಧ್ಯಾಹ್ನದ ಹೊತ್ತು
ಐದು ಮೊರ, ಐದು ಕತ್ತರಿ,
ತಂಬಾಕಿನ ಘಾಟಿಗೆ ಸೀನುವ ಒಂದು ಬೆಕ್ಕು,
ಮತ್ತೆ ನಾನು: ಏಳನೇ ಕ್ಲಾಸು, ಓದುವವಳು.
ಕೂಲಿ, ಹತ್ತು ಪುಟಕ್ಕೊಂದು ಶುಂಠಿ ಪೆಪ್ಪರ್‌ಮಿಂಟು.

ಸಿಪ್ರಿಯನ್ ಮಾಮನ ಬಾಡಿಗೆ ಪುಸ್ತಕದಂಗಡಿಯಿಂದ
ದಿನಕ್ಕೆ ನಾಲ್ಕಾಣೆ ಕೊಟ್ಟು ತಂದ ಪತ್ತೇದಾರಿ.
ಮೊದಲ ಪುಟದಲ್ಲೇ ಹೆಣ:
ಬಂಗಲೆಯ ಧಣಿ, ಆರಾಮಕುರ್ಚಿಯಲ್ಲಿ,
ಒಳಗಿನಿಂದ ಅಗುಳಿ ಹಾಕಿದ ಬಾಗಿಲು,
ಅರ್ಧ ಕುಡಿದ ಹಾಲು.
ನಾನು ಓದುತ್ತಿದ್ದುದು ಕನ್ನಡದಲ್ಲಿ;
ಅವರು ಸಂಶಯಪಡುತ್ತಿದ್ದುದು ತುಳುವಿನಲ್ಲಿ,
ನೆಬೀಸ ಬ್ಯಾರಿಯಲ್ಲಿ, ಸೆವ್ರಿನ್ ಬಾಯಿ ಕೊಂಕಣಿಯಲ್ಲಿ.

ಮೂರು ದಿನ ಕೈ ನಿಲ್ಲಲಿಲ್ಲ, ಬಾಯಿಯೂ.
"ಡಾಕ್ಟರನೇ," ಅಂದಳು ವಾರಿಜಕ್ಕ,
"ಹೆಣ ಮುಟ್ಟುವ ಮೊದಲೇ ಕೈ ತೊಳೆದನಲ್ಲ!"
ಕಲ್ಯಾಣಿಗೆ ಸೋದರಳಿಯನ ಮೇಲೆ.
"ಅಳಿಯಕಟ್ಟಿನ ಮನೆ ಮಾರಾಯ್ತಿ,
ಹೇಗೂ ಬರುವ ಆಸ್ತಿಗೆ ಕೊಲೆ ಎಂತಕ್ಕೆ?"
ನೆಬೀಸನ ಕಣ್ಣು ಎರಡನೇ ಹೆಂಡತಿಯ ಮೇಲೆ:
ಹಾಲು ಕಾಯಿಸಿದವಳು ತಾನೇ ಯಾಕೆ ತಂದು ಕೊಡಲಿಲ್ಲ?
"ಆ ಪತ್ತೇದಾರನೇ ಇರಬೇಕು," ಸೆವ್ರಿನ್ ಬಾಯಿ,
"ಕರೆಯದೆ ಬಂದವ. ಊಟಕ್ಕೂ ಕೂತ."

ನೂರ ಎಪ್ಪತ್ತೆರಡನೇ ಪುಟ.
ಪತ್ತೇದಾರ ಎಲ್ಲರನ್ನೂ ಚಾವಡಿಗೆ ಕರೆಸಿ,
ಕನ್ನಡಕ ಒರೆಸಿ, ಗಂಟಲು ಸರಿಮಾಡಿ,
"ಕೊಲೆಗಾರ ಈ ಕೋಣೆಯಲ್ಲೇ...
ಮಗುಚಿದೆ. ರಟ್ಟು.
ಹದಿನಾಲ್ಕು ಪುಟ ಯಾರೋ ಹರಿದಿದ್ದರು,
ಕಡಲೆ ಕಟ್ಟಲೋ, ಒಲೆ ಹಚ್ಚಲೋ.

ಆಮೇಲಿನ ಗದ್ದಲಕ್ಕೆ ಬೆಕ್ಕು ಎದ್ದು ಹೋಯಿತು.
ಸಿಪ್ರಿಯನ್ ಮಾಮನ ಏಳು ತಲೆಮಾರು ತೊಳೆದದ್ದೂ ಆಯಿತು.
ಆಗ ದೇಯಿಯಜ್ಜಿ,
ಮೂರು ದಿನ ಒಂದಕ್ಷರ ಆಡದವಳು,
ಬೀಡಿಯ ಬಾಯಿ ಮಡಚುತ್ತಾ ಕೇಳಿದಳು:
"ಕಂದೀಲಿನದ್ದು ಓದಿದೆಯಲ್ಲ, ಇನ್ನೊಮ್ಮೆ ಓದು."

ಹುಡುಕಿದೆ. ನಲವತ್ತೊಂದನೇ ಪುಟ, ಒಂದೇ ಸಾಲು:
ಬೆಳಿಗ್ಗೆ ಬಾಗಿಲು ಒಡೆದಾಗ ಮೇಜಿನ ಮೇಲೆ
ಸ್ವಚ್ಛ ಗಾಜಿನೊಳಗೆ ದೀಪ ಇನ್ನೂ ಉರಿಯುತ್ತಿತ್ತು.

"ರಾತ್ರಿಯಿಡೀ ಉರಿದ ದೀಪ, ಗಾಜಿಗೆ ಮಸಿ ಇಲ್ಲ.
ಯಾರೋ ಆರಿಸಿದ್ದಾರೆ, ತಣಿಯಲು ಬಿಟ್ಟಿದ್ದಾರೆ,
ಅಷ್ಟು ಹೊತ್ತು ಹೆಣದ ಜೊತೆ ಕತ್ತಲಲ್ಲಿ ಕೂತಿದ್ದಾರೆ.
ಮತ್ತೆ ಸೆರಗಿನ ತುದಿ ಎರಡು ಬೆರಳಿಗೆ ಸುತ್ತಿ
ಒಳಗಿಂದ ಒರೆಸಿ, ಹಚ್ಚಿದ್ದಾರೆ.
ಡಾಕ್ಟರನಿಗೆ ಬರುತ್ತದಾ ಆ ಕೆಲಸ? ಅಳಿಯನಿಗೆ?
ಕೈಗೆ ಅಭ್ಯಾಸ, ಮಗಾ. ಎಂತ ಮಾಡಿ ಮುಗಿಸಿದರೂ
ಗಾಜು ಒರೆಸದೆ ಮನಸ್ಸು ಬರುವುದಿಲ್ಲ."

"ಅಗುಳಿ?" ಕೇಳಿದಳು ಕಲ್ಯಾಣಿ.

"ಹೊರಗೆ ಹೋದರೆ ಅಲ್ಲವಾ ಅಗುಳಿಯ ಚಿಂತೆ?
ಮಂಚದಡಿ ಇದ್ದಳು. ಎಲ್ಲ ನುಗ್ಗಿ ಬೊಬ್ಬೆ ಹಾಕುವಾಗ
ಎದ್ದು ಹಿಡಿಸೂಡಿ ಹಿಡಿದು ನಿಂತಳು.
ಹಿಡಿಸೂಡಿ ಹಿಡಿದವಳನ್ನು ಯಾರು ನೋಡುತ್ತಾರೆ?"

ಪುಟ ತಿರುವಿದೆ. ಕೆಲಸದವಳು
ಬಂದದ್ದು ಮೂರೇ ಸಲ:
ನೀರು ತಂದಳು. ಬಾಗಿಲ ಚಕ್ಕೆ ಗುಡಿಸಿದಳು.
ಗೊತ್ತಿಲ್ಲ ಎಂದಳು.
ಹೆಸರಿರಲಿಲ್ಲ.

ಹಂಚಿನ ಕಾರ್ಖಾನೆ ಕೂಗಿತು. ಐದು ಗಂಟೆ.
ಇಷ್ಟು ಸರಿಯಾಗಿ ಹೇಗೆ ಗೊತ್ತು
ಎಂದು ದೇಯಿಯಜ್ಜಿಯನ್ನು ಯಾರೂ ಕೇಳಲಿಲ್ಲ.
ಬಲ್ಮಠದ ಬಂಗಲೆಯೊಂದರಲ್ಲಿ ಹನ್ನೊಂದು ವರ್ಷ
ದುಡಿದವಳು ಆಕೆ; ಬಿಟ್ಟು ಬಂದದ್ದು ಯಾಕೆಂದು
ಆ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ,
ಅಥವಾ ನನ್ನೊಬ್ಬಳಿಗೆ.
ವಾರಿಜಕ್ಕ ತನ್ನ ಮೊರದಿಂದ ಎರಡು ಕಟ್ಟು ಎತ್ತಿ
ಅಜ್ಜಿಯ ಲೆಕ್ಕಕ್ಕೆ ಸೇರಿಸಿದಳು.
"ಪುಸ್ತಕ ವಾಪಸು ಕೊಡು," ಅಂದಳು ನನಗೆ,
"ಮಾಮನ ಹತ್ತಿರ ಎಂತದೂ ಹೇಳಬೇಡ."

ಮೊನ್ನೆ ಹಂಪನಕಟ್ಟೆಯ ಹಳೇ ಪುಸ್ತಕದ ರಾಶಿಯಲ್ಲಿ
ಅದೇ ಪುಸ್ತಕ, ಇಡಿಯಾಗಿ.
ನಿಂತಲ್ಲೇ ಓದಿದೆ.
ಡಾಕ್ಟರನಂತೆ. ಹಾಲಿನಲ್ಲಿ ಪುಡಿಯಂತೆ.
ಕಂದೀಲಿನ ಸುದ್ದಿಯೇ ಇಲ್ಲ.
ಕಡೆಗೆ ಪತ್ತೇದಾರನಿಗೆ ಚಹಾ ತಂದಿಟ್ಟದ್ದು ಅವಳೇ;
ಅವನು ಮುಖ ಎತ್ತದೆ ಕುಡಿದ.

ಇಪ್ಪತ್ತು ರೂಪಾಯಿ ಅಂದ ಅಂಗಡಿಯವ. ಕೊಟ್ಟೆ.
ಮನೆಗೆ ಬಂದು, ಬಾಗಿಲು ಹಾಕಿ,
ಆ ಹದಿನಾಲ್ಕು ಪುಟ
ಹರಿದೆ.